ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ತೋಟಗಾರಿಕೆ ಶಿಕ್ಷಣ

ಕಮ್ಯುನಿಟಿ ಕಾಲೇಜುಗಳೆಂದು ಕರೆಯಲಾಗುವ ಅಮೆರಿಕ ಸಂಯುಕ್ತ ಸಂಸ್ಥಾನದ ಸಮುದಾಯ ಕಾಲೇಜುಗಳಲ್ಲಿ ತೋಟಗಾರಿಕೆಯನ್ನು ಪ್ರೌಢಶಿಕ್ಷಣದ ನಂತರದ ಎರಡು ವರ್ಷಗಳ ವೃತ್ತಿಪರ ವಿಷಯವಾಗಿ ಕಲಿಸಲಾಗುತ್ತದೆ. ಸಸ್ಯಗಳನ್ನು ಗುರುತಿಸುವುದು, ಸಸ್ಯಾಭಿವೃದ್ಧಿ, ಮಣ್ಣು ಮತ್ತು ಗೊಬ್ಬರ, ಹಸಿರುಮನೆಯ ನಿರ್ವಹಣೆ, ಮರಗಳ ಆರೈಕೆ, ಉದ್ಯಾನ ವಿನ್ಯಾಸ ಹಾಗೂ ಹುಲ್ಲುಹಾಸಿನ ನಿರ್ವಹಣೆ ಇದರ ಮುಖ್ಯ ಭಾಗಗಳು. ಗದ್ದೆ ತೋಟಗಳಲ್ಲಿ ದುಡಿಯುವವರ ಕೈಯ ಅರಿವನ್ನೂ ವಿಶ್ವವಿದ್ಯಾಲಯದ ಸಸ್ಯವಿಜ್ಞಾನವನ್ನೂ ಒಂದೇ ತರಗತಿಯಲ್ಲಿ ಕೂಡಿಸುವುದು ಈ ಶಿಕ್ಷಣದ ವೈಶಿಷ್ಟ್ಯ. ಎರಡರ ನಡುವೆ ನಿಂತಿರುವ ಕಾರಣಕ್ಕೇ ಇಲ್ಲಿ ಗಳಿಸಿದ ಅರ್ಹತೆಗೆ ಮೇಲಿನ ವ್ಯಾಸಂಗದಲ್ಲಿ ಪೂರ್ಣ ಮನ್ನಣೆ ದೊರೆಯುವುದು ಸುಲಭವಾಗಿಲ್ಲ.

ಹಿನ್ನೆಲೆ

1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅಂಕಿತ ಹಾಕಿದ ಮಾರಿಲ್ ಕಾಯಿದೆಯು, ಕೃಷಿ ಮತ್ತು ಯಂತ್ರಕಲೆಗಳನ್ನು ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿಯನ್ನು ನೀಡಿತು. ಆ ಭೂಮಿಯ ಮಾರಾಟದಿಂದ ಬಂದ ಹಣದ ನೆರವಿನಿಂದ ಬೆಳೆದ ವಿಶ್ವವಿದ್ಯಾಲಯಗಳಲ್ಲಿ ಕಾರ್ನೆಲ್ ಒಂದು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಲಿಬರ್ಟಿ ಹೈಡ್ ಬೈಲಿ (1858–1954) ತೋಟಗಾರಿಕೆಯನ್ನು ಕೇವಲ ಕಸುಬೆಂದು ಕಾಣದೆ ವಿಜ್ಞಾನವೆಂದು ಪರಿಗಣಿಸುವಂತೆ ಮಾಡಿದವರಲ್ಲಿ ಪ್ರಮುಖರು. ಆದರೆ ಈ ಸಂಸ್ಥೆಗಳು ನಾಲ್ಕು ವರ್ಷಗಳ ಪದವಿಯವು. ಮನೆಯಿಂದ ದೂರ ಹೋಗಿ ಓದಲು ಅನುಕೂಲವಿದ್ದವರಿಗೆ ಮಾತ್ರ ಎಟುಕುವಂಥವು.

ವಿಶ್ವವಿದ್ಯಾಲಯದ ಮೊದಲ ಎರಡು ವರ್ಷಗಳ ಪಾಠವನ್ನು ಊರಿನಲ್ಲಿಯೇ ಕಲಿಸಬಹುದೆಂಬ ವಿಚಾರವನ್ನು ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಶಾಲಾಧಿಕಾರಿ ಜೆ. ಸ್ಟ್ಯಾನ್ಲಿ ಬ್ರೌನ್ ಕಾರ್ಯರೂಪಕ್ಕೆ ತಂದರು. 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜು ದೇಶದ ಅತ್ಯಂತ ಹಳೆಯ ಸಾರ್ವಜನಿಕ ಸಮುದಾಯ ಕಾಲೇಜೆಂದು ಪರಿಗಣಿತವಾಗಿದೆ. ಇಂದು ಅಲ್ಲಿ ತೋಟಗಾರಿಕೆಯೂ ಒಂದು ವಿಷಯವಾಗಿದೆ. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರ ಶಿಕ್ಷಣಕ್ಕೆ 1944ರ ಕಾನೂನು ಹಣ ಒದಗಿಸಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗದ ವರದಿಯು ‘ಸಮುದಾಯ ಕಾಲೇಜು’ ಎಂಬ ಹೆಸರನ್ನು ಬಳಕೆಗೆ ತಂದಿತು. 1960ರ ದಶಕದಲ್ಲಿ ಇಂಥ ನೂರಾರು ಕಾಲೇಜುಗಳು ಹೊಸದಾಗಿ ತೆರೆದವು. ನಗರಗಳ ಹೊರವಲಯದಲ್ಲಿ ಹುಲ್ಲುಹಾಸು ಮತ್ತು ಹೂದೋಟಗಳಿರುವ ಮನೆಗಳ ಬಡಾವಣೆಗಳು ಹಬ್ಬುತ್ತಿದ್ದ ಕಾಲವದು. ಅವುಗಳನ್ನು ನಿರ್ಮಿಸಿ ನೋಡಿಕೊಳ್ಳಲು ತಿಳಿವಳಿಕೆಯುಳ್ಳ ಕೆಲಸಗಾರರು ಬೇಕಾಗಿದ್ದರು.

ಪ್ರವೇಶ, ಶುಲ್ಕ ಮತ್ತು ಪದವಿಗಳು

ದೇಶದಲ್ಲಿರುವ ಸುಮಾರು ಒಂದು ಸಾವಿರ ಸಮುದಾಯ ಕಾಲೇಜುಗಳಲ್ಲಿ ಬಹುಪಾಲು ಮುಕ್ತ ಪ್ರವೇಶದ ನೀತಿಯನ್ನು ಅನುಸರಿಸುತ್ತವೆ. ಪ್ರೌಢಶಾಲೆ ಮುಗಿಸಿದ ಯಾರೇ ಆಗಲಿ, ಅಂಕಗಳ ಪೈಪೋಟಿಯಿಲ್ಲದೆ, ವಯಸ್ಸಿನ ಮಿತಿಯಿಲ್ಲದೆ ಸೇರಬಹುದು. ಆದ್ದರಿಂದ ತೋಟಗಾರಿಕೆಯ ತರಗತಿಗಳಲ್ಲಿ ಹದಿನೆಂಟರ ಹುಡುಗಿಯ ಪಕ್ಕದಲ್ಲಿ ನಿವೃತ್ತ ನೌಕರರೋ, ಕಚೇರಿಯ ಕೆಲಸ ಬಿಟ್ಟು ಬಂದ ನಡುವಯಸ್ಸಿನವರೋ, ಹಗಲೆಲ್ಲ ಹುಲ್ಲು ಕತ್ತರಿಸಿ ಸಂಜೆ ಪಾಠಕ್ಕೆ ಬಂದ ಕೂಲಿಯೋ ಕುಳಿತಿರುವುದು ಸಾಮಾನ್ಯ. ಸಂಜೆ ಮತ್ತು ಶನಿವಾರದ ತರಗತಿಗಳು ಇಂಥವರಿಗಾಗಿಯೇ ಇವೆ.

ಶುಲ್ಕವು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. 116 ಕಾಲೇಜುಗಳಿರುವ, ದೇಶದಲ್ಲಿಯೇ ಅತಿ ದೊಡ್ಡದಾದ ಕ್ಯಾಲಿಫೋರ್ನಿಯದ ವ್ಯವಸ್ಥೆಯಲ್ಲಿ ರಾಜ್ಯದ ನಿವಾಸಿಗಳಿಗೆ 2012ರಲ್ಲಿ ಪ್ರತಿ ಘಟಕಕ್ಕೆ 46 ಡಾಲರ್ ಎಂದು ನಿಗದಿಯಾಯಿತು. ಆ ದರದಲ್ಲಿ 60 ಘಟಕಗಳ ಪದವಿಗೆ ಬೋಧನಾ ಶುಲ್ಕ 2,760 ಡಾಲರ್ ಆಗುತ್ತದೆ. ಟೆನೆಸೀ ರಾಜ್ಯವು 2014ರ ಕಾನೂನಿನ ಮೂಲಕ ಪ್ರೌಢಶಾಲೆ ಮುಗಿಸಿದವರಿಗೆ ಸಮುದಾಯ ಕಾಲೇಜಿನ ಬೋಧನಾ ಶುಲ್ಕವನ್ನು ಭರಿಸುವ ಯೋಜನೆಯನ್ನು ತಂದಿತು.

ಎರಡು ವರ್ಷಗಳ ಪದವಿಗೆ ಅಸೋಸಿಯೇಟ್ ಪದವಿ ಎಂದು ಹೆಸರು. ಇದರಲ್ಲಿ ಎರಡು ಬಗೆ. ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಪದವಿಯು ನೇರವಾಗಿ ಉದ್ಯೋಗಕ್ಕೆ ಹೋಗುವವರಿಗೆ. ಅದರಲ್ಲಿ ಕೈಕೆಲಸದ ಪಾಠ ಹೆಚ್ಚು. ವಿಜ್ಞಾನದ ಅಸೋಸಿಯೇಟ್ ಪದವಿಯು ಮುಂದೆ ವಿಶ್ವವಿದ್ಯಾಲಯ ಸೇರಬಯಸುವವರಿಗೆ. ಅದರಲ್ಲಿ ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಹೆಚ್ಚು. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸವಿರುವ ಈ ಆಯ್ಕೆಯು ವಿದ್ಯಾರ್ಥಿಯ ಮುಂದಿನ ಹಲವು ವರ್ಷಗಳನ್ನು ನಿರ್ಧರಿಸುತ್ತದೆ. ಸೇರುವಾಗ ಅನೇಕರಿಗೆ ಇದರ ತಿಳಿವು ಇರುವುದಿಲ್ಲ. ಇವೆರಡಲ್ಲದೆ ಕೆಲವೇ ವಿಷಯಗಳನ್ನು ಓದಿ ಪಡೆಯಬಹುದಾದ ಪ್ರಮಾಣಪತ್ರಗಳೂ ಇವೆ.

ಸಸ್ಯಗಳನ್ನು ಗುರುತಿಸುವ ಪಾಠ

ತೋಟಗಾರಿಕೆಯ ವಿದ್ಯಾರ್ಥಿಗಳೆಲ್ಲರೂ ಓದಲೇಬೇಕಾದ, ಬಹಳ ಮಂದಿ ಹೆದರುವ ಹಾಗೂ ಮುಂದೆ ಕೃತಜ್ಞತೆಯಿಂದ ನೆನೆಯುವ ವಿಷಯವಿದು. ಒಂದು ಅವಧಿಯಲ್ಲಿ ನೂರರ ಆಸುಪಾಸಿನಷ್ಟು ಮರ, ಪೊದೆ, ಹೂಗಿಡಗಳನ್ನು ಕುಲ, ಪ್ರಭೇದ ಮತ್ತು ತಳಿಗಳ ಲ್ಯಾಟಿನ್ ಹೆಸರಿನೊಂದಿಗೆ, ಕಾಗುಣಿತದ ತಪ್ಪಿಲ್ಲದೆ ಕಲಿಯಬೇಕು. ಪರೀಕ್ಷೆಯು ಕೊಠಡಿಯೊಳಗಲ್ಲ, ಅಧ್ಯಾಪಕರ ಹಿಂದೆ ಕಾಲೇಜಿನ ಆವರಣದಲ್ಲಿ ನಡೆಯುತ್ತ, ಅವರು ತೋರಿಸಿದ ಗಿಡದ ಹೆಸರನ್ನು ಬರೆದುಕೊಳ್ಳಬೇಕು.

ಲ್ಯಾಟಿನ್ ಹೆಸರು ಆಡಂಬರಕ್ಕಾಗಿ ಅಲ್ಲ. ಅಮೆರಿಕದಲ್ಲಿ ‘ಸೀಡರ್’ ಎಂದು ಕರೆಯಲಾಗುವ ಮರಗಳಲ್ಲಿ ಪೂರ್ವಭಾಗದ ಕೆಂಪು ಸೀಡರ್ ವಾಸ್ತವವಾಗಿ ಜುನಿಪೆರಸ್ ವರ್ಜಿನಿಯಾನ. ಪಶ್ಚಿಮದ ಕೆಂಪು ಸೀಡರ್ ಥೂಜಾ ಪ್ಲಿಕೇಟ. ನಿಜವಾದ ಸೀಡ್ರಸ್ ಕುಲದ ಮರಗಳು ಆ ಖಂಡದ ಮೂಲದವೇ ಅಲ್ಲ. ಕನ್ನಡಿಗರಿಗೆ ಇದು ಹೊಸ ತೊಡಕಲ್ಲ. ಕೆಂಡಸಂಪಿಗೆ, ನಾಗಸಂಪಿಗೆ, ಕಾಡುಸಂಪಿಗೆ ಎಂಬ ಮೂರು ಸಂಪಿಗೆಗಳಿಗೆ ಸಸ್ಯಶಾಸ್ತ್ರದಲ್ಲಿ ಪರಸ್ಪರ ನಂಟಿಲ್ಲ. ಮೊದಲನೆಯದು ಮ್ಯಾಗ್ನೋಲಿಯ, ಎರಡನೆಯದು ಮೆಸುವ, ಮೂರನೆಯದು ದೇವಗಣಗಿಲೆಯೆಂದೂ ಕರೆಯಲಾಗುವ ಪ್ಲೂಮೇರಿಯ. ಗಿರಾಕಿಯು ಹೆಸರು ಹೇಳಿ ಒಂದು ಗಿಡ ಕೇಳಿದಾಗ ಬೇರೊಂದನ್ನು ಕಳುಹಿಸಿದರೆ ನಷ್ಟವಾಗುವುದು ನರ್ಸರಿಗೆ.

ಚಳಿಗಾಲದಲ್ಲಿ ಎಲೆಯುದುರಿದ ಮರಗಳನ್ನು ಗುರುತಿಸುವುದು ಇನ್ನೂ ಕಠಿಣ. ಆಗ ಮೊಗ್ಗಿನ ಆಕಾರ, ಉದುರಿದ ಎಲೆಯ ತೊಟ್ಟು ಬಿಟ್ಟುಹೋದ ಕಲೆ, ತೊಗಟೆ, ಕವಲೊಡೆಯುವ ಕ್ರಮ ಇವುಗಳೇ ಆಧಾರ. ಅಲ್ಲಿನ ಸಾಮಾನ್ಯ ಮರಗಳಲ್ಲಿ ಮೇಪಲ್, ಆಷ್ ಮತ್ತು ಡಾಗ್‌ವುಡ್‌ಗಳಲ್ಲಿ ಕವಲುಗಳು ಎದುರುಬದುರಾಗಿ ಹುಟ್ಟುತ್ತವೆ. ಹೆಚ್ಚಿನವುಗಳಲ್ಲಿ ಒಂದಾದ ಮೇಲೊಂದು. ಈ ಮೂರರ ಮೊದಲ ಅಕ್ಷರಗಳನ್ನು ಕೂಡಿಸಿ ಬಾಯಿಪಾಠ ಮಾಡಿಕೊಂಡ ವಿದ್ಯಾರ್ಥಿಯು ಬೋಳು ಮರದ ಮುಂದೆ ನಿಂತಾಗ ಅರ್ಧ ಉತ್ತರವನ್ನು ಆಗಲೇ ಬಲ್ಲವನಾಗಿರುತ್ತಾನೆ. ಬಾಯಿಪಾಠವನ್ನು ಹಳೆಯ ಪದ್ಧತಿಯೆಂದು ಹಳಿಯುವವರು ಗಮನಿಸಬೇಕಾದ ಸಂಗತಿಯಿದು.

ಸಸ್ಯಾಭಿವೃದ್ಧಿ ಮತ್ತು ಹಸಿರುಮನೆ

ಬೀಜ ಬಿತ್ತುವುದು, ಕಡ್ಡಿ ನೆಟ್ಟು ಬೇರು ಬರಿಸುವುದು, ಗೂಟಿ ಕಟ್ಟುವುದು, ಕಣ್ಣು ಹಾಕುವುದು, ಕಸಿ ಮಾಡುವುದು ಇವನ್ನೆಲ್ಲ ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಮಾಡಿ ಕಲಿಯುತ್ತಾರೆ. ಸೇಬಿನ ಬೀಜದಿಂದ ತಾಯಿಮರದ ಗುಣವೇ ಬರುವುದಿಲ್ಲವಾದ್ದರಿಂದ ತಳಿಯನ್ನು ಉಳಿಸಿಕೊಳ್ಳುವುದು ಕಸಿಯಿಂದ ಮಾತ್ರ. ಮರ ಎಷ್ಟು ಎತ್ತರ ಬೆಳೆಯಬೇಕೆಂಬುದನ್ನು ಬೇರುಕಾಂಡವು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ ಮಾಲಿಂಗ್ 9 ಎಂಬ ಬೇರುಕಾಂಡದ ಮೇಲೆ ಕಸಿಮಾಡಿದ ಸೇಬು ಗಿಡ್ಡವಾಗಿ ಉಳಿದು ಬೇಗ ಫಲ ಕೊಡುತ್ತದೆ.

ಅನೇಕ ಕಾಲೇಜುಗಳಲ್ಲಿ ಶರತ್ಕಾಲದ ಅವಧಿಯ ಬೆಳೆ ಪಾಯಿನ್ಸೆಟಿಯಾ. ಕ್ರಿಸ್‌ಮಸ್ ವೇಳೆಗೆ ಕೆಂಪೇರಬೇಕಾದ ಈ ಗಿಡ ಹಸಿರುಮನೆಯ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಹೂವೆಂದು ಜನ ಕೊಳ್ಳುವ ಕೆಂಪು ಭಾಗ ವಾಸ್ತವವಾಗಿ ಎಲೆ. ನಿಜವಾದ ಹೂಗಳು ನಡುವೆ ಸಣ್ಣಗೆ ಹಳದಿಯಾಗಿರುತ್ತವೆ. ರಾತ್ರಿಗಳು ದೀರ್ಘವಾದಾಗ ಮಾತ್ರ ಗಿಡ ಮೊಗ್ಗಿಗೆ ತಿರುಗುತ್ತದೆ. ಆ ಕತ್ತಲನ್ನು ಬೀದಿದೀಪವೊಂದು ಕದಡಿದರೂ ಬಣ್ಣ ತಡವಾಗಿ, ಡಿಸೆಂಬರಿನ ಮಾರಾಟ ತಪ್ಪಿಹೋಗುತ್ತದೆ. ರಾತ್ರಿ ಹಸಿರುಮನೆಯ ದೀಪ ಆರಿಸಲು ಮರೆತವರಿಗೆ ಬೆಳಕಿನ ಅವಧಿಯ ಪಾಠವನ್ನು ಮತ್ತೊಮ್ಮೆ ಹೇಳಿಕೊಡಬೇಕಾಗುವುದಿಲ್ಲ. ಇದೇ ತತ್ತ್ವವನ್ನು ತಿರುಗುಮುರುಗಾಗಿ ಬಳಸುವವರು ಕರ್ನಾಟಕದ ಸೇವಂತಿಗೆ ಬೆಳೆಗಾರರು: ಗಿಡ ಬೇಗ ಹೂವಿಗೆ ಬಾರದೆ ಮೊದಲು ಚೆನ್ನಾಗಿ ಬೆಳೆಯಲೆಂದು ಅವರು ರಾತ್ರಿ ಹೊಲದಲ್ಲಿ ಬಲ್ಬುಗಳನ್ನು ಉರಿಸುತ್ತಾರೆ.

ಗಣಿತವೂ ಇಲ್ಲಿಯೇ ಬರುತ್ತದೆ. ಶೇಕಡಾ 20ರಷ್ಟು ಸಾರಜನಕವಿರುವ ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂ ಬೆರೆಸಿದರೆ ಅದರಲ್ಲಿ 200 ಮಿಲಿಗ್ರಾಂ ಸಾರಜನಕ, ಎಂದರೆ ದಶಲಕ್ಷಕ್ಕೆ 200 ಭಾಗ. ಶಾಲೆಯಲ್ಲಿ ಶೇಕಡಾ ಲೆಕ್ಕಕ್ಕೆ ಅಂಜಿದವರೂ ತಾವು ನೆಟ್ಟ ಸಸಿ ಸುಟ್ಟುಹೋಗದಿರಲೆಂದು ಈ ಲೆಕ್ಕವನ್ನು ಕಲಿಯುತ್ತಾರೆ.

ಮರಗಳ ಆರೈಕೆ ಮತ್ತು ಬದಲಾದ ಪಾಠಗಳು

ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕತ್ತರಿಸಿ ಗಾಯಕ್ಕೆ ಬಣ್ಣ ಬಳಿಯಬೇಕೆಂದು ಬಹುಕಾಲ ಕಲಿಸಲಾಗುತ್ತಿತ್ತು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಷೈಗೊ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರವು ಗಾಯವನ್ನು ಪ್ರಾಣಿಗಳಂತೆ ಮಾಯಿಸಿಕೊಳ್ಳುವುದಿಲ್ಲ, ಕೊಳೆತ ಭಾಗದ ಸುತ್ತ ತಡೆಗೋಡೆ ಕಟ್ಟಿಕೊಂಡು ಅದನ್ನು ಅಲ್ಲಿಯೇ ಬಂಧಿಸುತ್ತದೆ ಎಂದು ತೋರಿಸಿಕೊಟ್ಟರು. ಕೊಂಬೆಯ ಬುಡದಲ್ಲಿ ಉಬ್ಬಿದಂತಿರುವ ಕೊರಳುಪಟ್ಟಿಯಂಥ ಭಾಗದಲ್ಲಿ ಈ ರಕ್ಷಣೆಯ ಶಕ್ತಿ ಇರುವುದರಿಂದ ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಬಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ. ಈಗ ಎಲ್ಲ ಕಾಲೇಜುಗಳಲ್ಲಿಯೂ ಇದೇ ಕ್ರಮ. ಹಿಂದೆ ಕಲಿತ ಹಿರಿಯ ಕೆಲಸಗಾರರು ಮತ್ತೆ ತರಗತಿಗೆ ಬಂದು ಕುಳಿತಾಗ ಬಿಡಬೇಕಾಗುವ ಮೊದಲ ಅಭ್ಯಾಸ ಬಹುಶಃ ಈ ಬಣ್ಣದ ಡಬ್ಬಿಯೇ.

ಬೀದಿಮರಗಳ ಆಯ್ಕೆಯ ಪಾಠ ಇನ್ನಷ್ಟು ದುಬಾರಿಯಾಗಿ ಬಂದದ್ದು. ಡಚ್ ಎಲ್ಮ್ ರೋಗದಿಂದ ಎಲ್ಮ್ ಮರಗಳು ಸಾಲುಸಾಲಾಗಿ ಸತ್ತಾಗ ಅನೇಕ ಊರುಗಳು ಅವುಗಳ ಜಾಗದಲ್ಲಿ ಆಷ್ ಮರಗಳನ್ನು ನೆಟ್ಟವು. 2002ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಬಳಿ ಏಷ್ಯಾ ಮೂಲದ ಹಸಿರು ಕೊರಕ ಹುಳು ಪತ್ತೆಯಾಯಿತು. ಅಲ್ಲಿಂದೀಚೆಗೆ ಅದು ಕೋಟ್ಯಂತರ ಆಷ್ ಮರಗಳನ್ನು ಕೊಂದಿದೆ. ಒಂದು ಊರಿನ ಮರಗಳಲ್ಲಿ ಒಂದೇ ಪ್ರಭೇದ ಶೇಕಡಾ 10ನ್ನು, ಒಂದೇ ಕುಲ ಶೇಕಡಾ 20ನ್ನು, ಒಂದೇ ಕುಟುಂಬ ಶೇಕಡಾ 30ನ್ನು ಮೀರಬಾರದೆಂದು ರಾಷ್ಟ್ರೀಯ ಸಸ್ಯೋದ್ಯಾನದ ಫ್ರಾಂಕ್ ಸಾಂಟಮೋರ್ 1990ರಲ್ಲಿಯೇ ಸೂಚಿಸಿದ್ದರು.

ಬ್ರ್ಯಾಡ್‌ಫೋರ್ಡ್ ಪೇರಿನ ಕಥೆಯೂ ಇಂಥದೇ. ಚೀನಾದಿಂದ ತಂದ ಬೀಜಗಳ ಸಂತತಿಯಾದ ಈ ಮರವನ್ನು ಕೃಷಿ ಇಲಾಖೆಯೇ 1963ರಲ್ಲಿ ಬಿಡುಗಡೆ ಮಾಡಿತು. ವಸಂತದಲ್ಲಿ ಮೈತುಂಬ ಬಿಳಿ ಹೂ, ಅಂದವಾದ ಆಕಾರ, ಯಾವ ಮಣ್ಣಿನಲ್ಲಾದರೂ ಬೆಳೆಯುವ ಗುಣ. ನರ್ಸರಿಗಳಿಗೆ ಇನ್ನೇನು ಬೇಕು? ಹೂವಿನ ದುರ್ವಾಸನೆಯನ್ನು ಜನ ಸಹಿಸಿಕೊಂಡರು. ಆದರೆ ಕೊಂಬೆಗಳು ಗಾಳಿಗೆ ಸೀಳತೊಡಗಿದವು. ಬೇರೆ ತಳಿಗಳೊಡನೆ ಪರಾಗಸ್ಪರ್ಶವಾಗಿ ಬಿಟ್ಟ ಕಾಯಿಗಳನ್ನು ಹಕ್ಕಿಗಳು ಹರಡಿ, ಪಾಳುಭೂಮಿಗಳಲ್ಲೆಲ್ಲ ಮುಳ್ಳಿನ ಕಾಡುಪೇರು ಹಬ್ಬಿತು. ಓಹಾಯೊ ರಾಜ್ಯವು 2023ರಲ್ಲಿಯೂ ಪೆನ್ಸಿಲ್ವೇನಿಯ ಮತ್ತು ದಕ್ಷಿಣ ಕ್ಯಾರೊಲೈನ ರಾಜ್ಯಗಳು 2024ರಲ್ಲಿಯೂ ಇದರ ಮಾರಾಟದ ನಿಷೇಧವನ್ನು ಜಾರಿಗೆ ತಂದವು. ಒಂದು ತಲೆಮಾರು ಶಿಫಾರಸಿನ ಪಟ್ಟಿಯಲ್ಲಿ ಓದಿದ್ದನ್ನು ಮುಂದಿನ ತಲೆಮಾರು ನಿಷೇಧದ ಪಟ್ಟಿಯಲ್ಲಿ ಓದುತ್ತಿದೆ.

ಕೀಟ ಮತ್ತು ರೋಗಗಳ ವಿಷಯದಲ್ಲಿ ಸಮಗ್ರ ಕೀಟ ನಿರ್ವಹಣೆಯನ್ನು ಕಲಿಸಲಾಗುತ್ತದೆ. ಔಷಧಿ ಸಿಂಪಡಿಸುವುದು ಕೊನೆಯ ಉಪಾಯ. ನಿರ್ಬಂಧಿತ ಕೀಟನಾಶಕಗಳನ್ನು ಬಳಸಲು 1972ರ ಕಾನೂನು ತಿದ್ದುಪಡಿಯಿಂದೀಚೆಗೆ ಪ್ರಮಾಣಪತ್ರ ಬೇಕು. ಆ ಪರೀಕ್ಷೆಗೆ ಸಿದ್ಧಗೊಳಿಸುವುದೂ ಪಾಠದ ಭಾಗ.

ಕಾಲೇಜಿನ ಆವರಣವೇ ಪ್ರಯೋಗಾಲಯ

ಉತ್ತರ ಕ್ಯಾರೊಲೈನದ ಪೈನ್‌ಹರ್ಸ್ಟ್ ಗಾಲ್ಫ್ ಕ್ರೀಡೆಗೆ ಹೆಸರಾದ ಊರು. ಅಲ್ಲಿನ ಸ್ಯಾಂಡ್‌ಹಿಲ್ಸ್ ಸಮುದಾಯ ಕಾಲೇಜಿನಲ್ಲಿ ಉದ್ಯಾನ ನಿರ್ಮಾಣದ ಜೊತೆಗೆ ಹುಲ್ಲುಹಾಸಿನ ನಿರ್ವಹಣೆಯೂ ಪ್ರತ್ಯೇಕ ವ್ಯಾಸಂಗವಾಗಿರುವುದು ಸಹಜವೇ. ಕಾಲೇಜಿನ ಆವರಣದಲ್ಲಿರುವ ಸಾರ್ವಜನಿಕ ಸಸ್ಯೋದ್ಯಾನದ ಕೆಲಸದಲ್ಲಿ ವಿದ್ಯಾರ್ಥಿಗಳು ಪಾಲ್ಗೊಳ್ಳುತ್ತಾರೆ. ಅದರಲ್ಲಿ ಹಾಲಿ ಗಿಡಗಳಿಗಾಗಿಯೇ ಮೀಸಲಾದ ಒಂದು ಭಾಗವಿದೆ. ವಾಷಿಂಗ್ಟನ್ ರಾಜ್ಯದ ದಕ್ಷಿಣ ಸಿಯಾಟಲ್ ಕಾಲೇಜಿನಲ್ಲಿಯೂ ಇಂಥ ವೃಕ್ಷೋದ್ಯಾನವಿದ್ದು ಅದರ ಪಕ್ಕದಲ್ಲಿ ಸಿಯಾಟಲ್ ಚೀನೀ ಉದ್ಯಾನವಿದೆ. ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನ ಮೆರಿಟ್ ಕಾಲೇಜು, ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಕಾಲೇಜು ಈ ವಿಷಯಕ್ಕೆ ಪರಿಚಿತವಾದ ಇನ್ನೆರಡು ಸಂಸ್ಥೆಗಳು.

ಒಂದು ಪ್ರದೇಶದ ಕಾಲೇಜಿನಲ್ಲಿ ಕಲಿತದ್ದು ಮತ್ತೊಂದರಲ್ಲಿ ಯಥಾವತ್ತಾಗಿ ಉಪಯೋಗಕ್ಕೆ ಬಾರದು. ಕೃಷಿ ಇಲಾಖೆಯ ನಕ್ಷೆಯು ಚಳಿಗಾಲದ ಕನಿಷ್ಠ ತಾಪದ ಸರಾಸರಿಯನ್ನು ಆಧರಿಸಿ ದೇಶವನ್ನು 13 ವಲಯಗಳಾಗಿ ವಿಂಗಡಿಸಿದೆ. ಈ ನಕ್ಷೆ 2023ರಲ್ಲಿ ಪರಿಷ್ಕೃತವಾದಾಗ ದೇಶದ ಸುಮಾರು ಅರ್ಧದಷ್ಟು ಭಾಗ ಹಿಂದಿಗಿಂತ ಬೆಚ್ಚಗಿನ ಅರೆವಲಯಕ್ಕೆ ಸರಿಯಿತು.

ವರ್ಗಾವಣೆ ಮತ್ತು ಉದ್ಯೋಗ

ಎರಡು ವರ್ಷ ಇಲ್ಲಿ ಓದಿ ಉಳಿದ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಮುಗಿಸಬಹುದೆಂಬುದು ಸಮುದಾಯ ಕಾಲೇಜುಗಳ ಮೂಲ ಆಶ್ವಾಸನೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯ 2017ರ ವರದಿಯ ಪ್ರಕಾರ, 2004ರಿಂದ 2009ರವರೆಗೆ ಕಾಲೇಜು ಬದಲಿಸಿದವರು ತಾವು ಗಳಿಸಿದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇಕಡಾ 43ರಷ್ಟನ್ನು ಕಳೆದುಕೊಂಡರು. ಇದು ಎಲ್ಲ ವಿಷಯಗಳ, ಎಲ್ಲ ಬಗೆಯ ವರ್ಗಾವಣೆಗಳ ಸರಾಸರಿ. ಸಮುದಾಯ ಕಾಲೇಜಿನಿಂದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುವವರ ನಷ್ಟ ಇದಕ್ಕಿಂತ ಕಡಿಮೆ. ತೋಟಗಾರಿಕೆಯಲ್ಲಿ ಅನ್ವಯಿಕ ಪದವಿ ಪಡೆದವರು ವಿಶೇಷ ತೊಂದರೆಗೆ ಸಿಲುಕುತ್ತಾರೆ. ಅವರು ನೂರಾರು ಗಿಡಗಳನ್ನು ಬಲ್ಲರು, ಕಸಿ ಕಟ್ಟಬಲ್ಲರು. ಆದರೆ ವಿಶ್ವವಿದ್ಯಾಲಯ ಕೇಳುವುದು ರಸಾಯನಶಾಸ್ತ್ರದ ಹಾಗೂ ಉನ್ನತ ಗಣಿತದ ಕ್ರೆಡಿಟ್‌ಗಳನ್ನು. ಕೈಯಿಂದ ಕಲಿತದ್ದು ‘ಐಚ್ಛಿಕ’ ಎಂಬ ಲೆಕ್ಕಕ್ಕೆ ಹೋಗಿ, ಸಸ್ಯಗಳ ಪರಿಚಯದ ಪಾಠಕ್ಕೇ ಮತ್ತೆ ಶುಲ್ಕ ಕಟ್ಟಿ ಕುಳಿತುಕೊಳ್ಳಬೇಕಾದ ಸಂದರ್ಭಗಳೂ ಉಂಟು. ಕಾಲೇಜು ಹಾಗೂ ವಿಶ್ವವಿದ್ಯಾಲಯಗಳ ನಡುವೆ ಮೊದಲೇ ಲಿಖಿತ ಒಪ್ಪಂದವಿದ್ದಲ್ಲಿ ಈ ನಷ್ಟ ತಪ್ಪುತ್ತದೆ.

ವ್ಯಾಸಂಗ ಮುಗಿಸಿದವರು ನರ್ಸರಿ, ನಗರಸಭೆಯ ಉದ್ಯಾನ, ಗಾಲ್ಫ್ ಮೈದಾನ, ಸಸ್ಯೋದ್ಯಾನ ಹಾಗೂ ಉದ್ಯಾನ ನಿರ್ಮಾಣದ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಕೆಲವರು ಸ್ವಂತ ಉದ್ಯಮ ನಡೆಸುತ್ತಾರೆ. ಆರಂಭದ ವೇತನ ಹೆಚ್ಚಿಲ್ಲ. ಶೀತಪ್ರದೇಶಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಕೆಲಸವೇ ಇರುವುದಿಲ್ಲ. ಈ ಕ್ಷೇತ್ರದ ದೈಹಿಕ ದುಡಿಮೆಯ ದೊಡ್ಡ ಪಾಲನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವರು ಹೊತ್ತಿದ್ದಾರೆ. ಹೀಗಾಗಿ ಮೇಲ್ವಿಚಾರಕನಾಗಬಯಸುವವನಿಗೆ ಸ್ಪ್ಯಾನಿಷ್ ಭಾಷೆಯ ಪರಿಚಯ ಉಪಯುಕ್ತ. ಮರಗಳ ಆರೈಕೆಯಲ್ಲಿ ಮುಂದುವರಿಯುವವರು ಅಂತರರಾಷ್ಟ್ರೀಯ ವೃಕ್ಷಪಾಲನಾ ಸಂಘದ ಪರೀಕ್ಷೆಗೆ ಕೂರುತ್ತಾರೆ. ಅದಕ್ಕೆ ಮೂರು ವರ್ಷಗಳ ಅನುಭವ ಅಗತ್ಯ, ಸಂಬಂಧಿಸಿದ ಪದವಿಯಿದ್ದರೆ ಅವಧಿ ಕಡಿಮೆಯಾಗುತ್ತದೆ. ಎರಡು ವರ್ಷಗಳ ಪದವಿಗೆ ಖಚಿತ ಬೆಲೆ ದೊರೆಯುವ ಕಡೆಗಳಲ್ಲಿ ಇದೂ ಒಂದು.

ವಿಸ್ತರಣಾ ಸೇವೆಗಳು ನಡೆಸುವ ‘ಮಾಸ್ಟರ್ ಗಾರ್ಡನರ್’ ತರಬೇತಿಯನ್ನು ಈ ಪದವಿಯೊಂದಿಗೆ ಬೆರೆಸಬಾರದು. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ ಅದು ಸ್ವಯಂಸೇವಕರಿಗಾಗಿ ಇರುವ ಅಲ್ಪಾವಧಿ ತರಬೇತಿ. ಹೆಸರು ದೊಡ್ಡದಾದರೂ ಅದು ಉದ್ಯೋಗದ ಅರ್ಹತೆಯಲ್ಲ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸಮುದಾಯ ಕಾಲೇಜಿನ ಕಲ್ಪನೆ 1990ರ ದಶಕದಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 12ನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಇದಕ್ಕಾಗಿ ಯೋಜನೆ ರೂಪಿಸಿತು. ಕರ್ನಾಟಕದಲ್ಲಿ ತೋಟಗಾರಿಕೆಯ ಉನ್ನತ ವ್ಯಾಸಂಗಕ್ಕೆ 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಮೆರಿಕದ ಸಮುದಾಯ ಕಾಲೇಜಿನ ಪ್ರಮಾಣಪತ್ರಕ್ಕೆ ಹತ್ತಿರವಾದದ್ದು ರಾಜ್ಯ ತೋಟಗಾರಿಕೆ ಇಲಾಖೆಯು ಬೆಂಗಳೂರಿನ ಲಾಲ್‌ಬಾಗ್ ಮತ್ತಿತರ ತರಬೇತಿ ಕೇಂದ್ರಗಳಲ್ಲಿ ರೈತರ ಮಕ್ಕಳಿಗಾಗಿ ನಡೆಸುವ 10 ತಿಂಗಳ ತರಬೇತಿ. ಎಸ್‌ಎಸ್‌ಎಲ್‌ಸಿ ಮುಗಿಸಿದವರು ಇದಕ್ಕೆ ಅರ್ಹರು, ಶಿಷ್ಯವೇತನವೂ ಇದೆ. ವ್ಯತ್ಯಾಸವೆಂದರೆ, ಅಮೆರಿಕದಲ್ಲಿ ಪ್ರಮಾಣಪತ್ರದ ಕ್ರೆಡಿಟ್‌ಗಳು ಮುಂದಿನ ಅಸೋಸಿಯೇಟ್ ಪದವಿಗೆ ಸಾಮಾನ್ಯವಾಗಿ ಸೇರಿಕೊಳ್ಳುತ್ತವೆ. ಇಲ್ಲಿ ತೋಟಗಾರಿಕೆಯ ಬಿ.ಎಸ್‌ಸಿ.ಗೆ ವಿಜ್ಞಾನ ವಿಷಯದ ಪಿಯುಸಿ ಮತ್ತು ಸಾಮಾನ್ಯ ಪ್ರವೇಶ ಪರೀಕ್ಷೆಯ ದಾರಿಯಲ್ಲಿಯೇ ಬರಬೇಕು. ಆ ಪದವಿಯಲ್ಲಿ ಕೃಷಿಕ ಕುಟುಂಬದವರಿಗೆ ಮೀಸಲಾದ ಸ್ಥಾನಗಳಿಗೆ ಮಾತ್ರ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯಿದ್ದು, ಅದರಲ್ಲಿ ಬೀಜ, ಗೊಬ್ಬರ, ಸಲಕರಣೆಗಳನ್ನು ಕಣ್ಣಿಂದ ನೋಡಿ ಗುರುತಿಸಬೇಕಾಗುತ್ತದೆ.